ಅನಾನಸ್ ಮುಟ್ಟಿದ ಮೊಸರು

ಗಾಜಿನ ಲೋಟದಲ್ಲಿ ಹಣ್ಣು, ಮೊಸರುಗಳ ಪದರ ಕಟ್ಟಿ ಪರ್ಫೆ ಮಾಡುವ ಕ್ರಮವನ್ನು ಈ ವಾರ ಹೇಳುವುದಾಗಿ ಅಂಕಣ ಮಾತು ಕೊಟ್ಟಿತ್ತು. ಪದರ ಕಾಯಲಿ. ಅದಕ್ಕೂ ಮೊದಲು ತೀರಬೇಕಾದ ದೂರೊಂದಿದೆ: ಅನಾನಸ್ ಹಾಕಿದ ಪರ್ಫೆ ಸ್ವಲ್ಪ ಹೊತ್ತಿಗೇ ನೀರೊಡೆದು ಕಹಿಯಾಗುತ್ತದೆ. ಮನೆಯವರು ಹೆಪ್ಪನ್ನು ಬೈಯುತ್ತಾರೆ.

ಹೆಪ್ಪಿನದೇನೂ ತಪ್ಪಿಲ್ಲ. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಅದು ಮೊಸರಿನ ಪ್ರೋಟೀನನ್ನು ಕತ್ತರಿಸುತ್ತ ಹೋಗುತ್ತದೆ. ಕತ್ತರಿಸಿದ ತುಣುಕುಗಳೇ ನಾಲಿಗೆಗೆ ಕಹಿ. ಕಿವಿ ಹಣ್ಣಿನ ಆಕ್ಟಿನಿಡಿನ್, ಪಪ್ಪಾಯದ ಪಪೈನ್ ಅದೇ ಬಳಗದವು. ಪಪ್ಪಾಯ ಚೆನ್ನಾಗಿ ಮಾಗಿದ್ದರೆ ಕಾಟ ಕಡಿಮೆ. ಈ ಕಿಣ್ವಗಳು ಬಿಸಿಗೆ ಸೋಲುತ್ತವೆ. ಕೇರಳದ ಅಡುಗೆಮನೆಗೆ ಇದು ಹಳೆಯ ಪಾಠ: ಅಲ್ಲಿನ ಅನಾನಸ್ ಪಚ್ಚಡಿಯಲ್ಲಿ ಹೋಳುಗಳನ್ನು ಮೊದಲು ಬೇಯಿಸಿ, ಆಮೇಲೆ ಮೊಸರು ಬೆರೆಸುತ್ತಾರೆ. ಪರ್ಫೆಗೂ ಹಾಗೆಯೇ, ಹೋಳುಗಳು ಬಾಣಲೆಯಲ್ಲಿ ತಮ್ಮದೇ ರಸದಲ್ಲಿ ಕುದಿದು, ಪೂರ್ತಿ ಆರಿ, ಬಳಿಕ ಲೋಟಕ್ಕೆ ಇಳಿಯಲಿ. ಮಾವು, ಬಾಳೆ, ದಾಳಿಂಬೆ, ಸಪೋಟಗಳಿಗೆ ಈ ಉಪಚಾರ ಬೇಡ.

ಇನ್ನು ಡಬ್ಬಿಯ ಸಿಹಿ ಯೋಗರ್ಟ್ ಪಂಥದವರ ಜೊತೆಗಿನ ಹಳೆಯ ಜಗಳ. ಹಣ್ಣಿನ ಹೆಸರು ಹೊತ್ತ ಆ ಡಬ್ಬಿಗಳಲ್ಲಿ ಸಕ್ಕರೆ ಮೊದಲೇ ಬೆರೆತಿರುತ್ತದೆ. ಕೆಲವದರಲ್ಲಿ ಮಂದವಾಗಿಸಲು ಪಿಷ್ಟವೂ ಇರುತ್ತದೆ. ಮೊಸರು ಮಂದವಾಗಲು ತೆಳ್ಳನೆಯ ಅರಿವೆ ಸಾಕು. ಒಂದು ಲೀಟರ್ ಗಟ್ಟಿ ಮೊಸರನ್ನು ಜರಡಿಯ ಮೇಲೆ ಹಾಸಿದ ಅರಿವೆಗೆ ಸುರಿದು, ಫ್ರಿಜ್ಜಿನಲ್ಲಿ 3 ಗಂಟೆ ಇಟ್ಟರೆ ಪರ್ಫೆಗೆ ಬೇಕಾದ ಹದ. ರಾತ್ರಿಯಿಡೀ ಬಿಟ್ಟರೆ ಅದು ಶ್ರೀಖಂಡದ ಚಕ್ಕ. ರುಚಿಯೇನೋ ಸೊಗಸು, ಆದರೆ ಹಣ್ಣಿನ ರಸವನ್ನು ಒಳಗೆ ಬಿಟ್ಟುಕೊಳ್ಳದಷ್ಟು ಬಿಗಿ.

ಪರ್ಫೆ ಎಂದರೆ ಫ್ರೆಂಚಿನಲ್ಲಿ ‘ಪರಿಪೂರ್ಣ’. ಅಲ್ಲಿನ ಮೂಲ ಪರ್ಫೆ ಮೊಟ್ಟೆಯ ಹಳದಿ, ಸಕ್ಕರೆ ಪಾಕ, ಕೆನೆಗಳನ್ನು ಹೆಪ್ಪುಗಟ್ಟಿಸಿದ ತಿನಿಸು. ಲೋಟದಲ್ಲಿ ಪದರ ಕಟ್ಟುವುದು ಅಮೆರಿಕದ ರೂಢಿ. ನೀರಿಳಿಸಿದ ಮೊಸರು ಮಾತ್ರ ನಮ್ಮದೇ ಬಳುವಳಿ. 16ನೇ ಶತಮಾನದ ವೈದ್ಯ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ರಸಾಲಾ ಎಂಬ ಮೊಸರಿನ ಸಿಹಿ ಮಾಡುವ ವಿಧಾನವನ್ನು ಅಳತೆಯ ಸಮೇತ ಕೊಟ್ಟಿದ್ದಾನೆ. ಎಮ್ಮೆಯ ಹುಳಿಮೊಸರು ಒಂದು ಆಢಕ, ಅದೂ ನೀರೇ ಇಲ್ಲದ್ದು. ಬಿಳಿಸಕ್ಕರೆ ಎರಡು ಪ್ರಸ್ಥ. ಶುಭ್ರವಾದ ಬಟ್ಟೆಯ ಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ, ಹಾಲು ಸೇರಿಸುತ್ತ, ಹೊಸ ಮಣ್ಣಿನ ಪಾತ್ರೆಗೆ ಸೋಸಬೇಕು. ಮೇಲೆ ಏಲಕ್ಕಿ, ಲವಂಗ, ಪಚ್ಚಕರ್ಪೂರ, ಕಾಳುಮೆಣಸು. ಭೋಜನಪ್ರಿಯ ಭೀಮ ಇದನ್ನು ತಾನೇ ಮಾಡಿದನೆಂದೂ, ಕೃಷ್ಣ ಮತ್ತೆ ಮತ್ತೆ ಚಪ್ಪರಿಸಿದನೆಂದೂ ಅವನು ಸೇರಿಸುತ್ತಾನೆ. ಪಾಕಶಾಸ್ತ್ರಕ್ಕೆ ಇದಕ್ಕಿಂತ ಅಕ್ಕರೆಯ ಷರಾ ಸಿಗುವುದು ಕಷ್ಟ!

ನಾಲ್ಕು ಪ್ರಸ್ಥಕ್ಕೆ ಒಂದು ಆಢಕ; ಅಂದರೆ ಮೊಸರಿನ ಅರ್ಧದಷ್ಟು ಸಕ್ಕರೆ. ಇವತ್ತಿನ ಲೋಟಕ್ಕೆ ಅಷ್ಟು ಖಂಡಿತ ಬೇಡ. ಕಳಿತ ನಂಜನಗೂಡು ರಸಬಾಳೆಯೋ ಧಾರವಾಡದ ಆಪೂಸೋ ಇದ್ದರೆ ಒಂದು ಚಮಚ ಜೇನೂ ಹೆಚ್ಚೇ. ಏಲಕ್ಕಿಯನ್ನು ಮಾತ್ರ ಬಿಡಬಾರದು. ಬಾಳೆಹಣ್ಣಿನ ಮೇಲೆ ಚಿಟಿಕೆ ಕಾಳುಮೆಣಸಿನ ಪುಡಿ ಉದುರಿಸಿ ನೋಡಿದವರು ಭಾವಮಿಶ್ರನನ್ನು ನೆನೆಯುತ್ತಾರೆ.

ಕುರುಕಲು ಪದರಕ್ಕೆ ದುಬಾರಿ ಗ್ರಾನೋಲಾ ಬೇಕಿಲ್ಲ. ನಾಗರಪಂಚಮಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹುರಿಯುವ ಜೋಳದ ಅರಳನ್ನು ಅರ್ಧ ಚಮಚ ತುಪ್ಪದಲ್ಲಿ ಬೆಚ್ಚಗೆ ಮಾಡಿ, ಹುರಿದ ಶೇಂಗಾ ಕೂಡಿಸಿದರೆ ಆಯಿತು. ಮೊಸರು ತಾಗಿದರೆ ಅರಳು ಬೇಗ ಮೆತ್ತಗಾಗುವುದರಿಂದ ಅದು ಲೋಟಕ್ಕೆ ಬೀಳುವುದು ಚಮಚ ಕೈಗೆತ್ತಿಕೊಂಡ ಮೇಲೆಯೇ. ಜರಡಿಯ ಕೆಳಗೆ ಇಳಿದ ತಿಳಿನೀರನ್ನು ಚೆಲ್ಲದೆ ಸಂಜೆಯ ಚಪಾತಿ ಹಿಟ್ಟು ಕಲಸಲು ಎತ್ತಿಡಿ.