ಸೀಸೆಯ ಮದ್ದು, ಕೊಳಗದ ಭತ್ತ

ಕಾರ್ಮಿಕ, ಬಂಡವಾಳಗಾರ, ರೈತ, ರಾಜಕಾರಣಿ ನಾಲ್ವರೂ ಜಗಳಕ್ಕೆ ನಿಂತಿದ್ದಾರೆ. ನಡುವೆ ಡಾಕ್ಟರ್ ಯುಟೋಪಿಯಾ ಎಂಬ ಮಾತಿನ ಮಲ್ಲ ಬಂದು 'ಇಸಂ' ಎಂಬ ಟಾನಿಕ್ಕಿನ ಸೀಸೆ ತೋರಿಸುತ್ತಾನೆ. ಯಾವ ಕಷ್ಟಕ್ಕಾದರೂ ಇದೊಂದೇ ಮದ್ದು. ಬದಲಿಗೆ ತಮ್ಮ ಮತ್ತು ತಮ್ಮ ಮಕ್ಕಳ ಸ್ವಾತಂತ್ರ್ಯವನ್ನು ಬರೆದುಕೊಟ್ಟರಾಯಿತು. ಸಹಿ ಬೀಳುವ ಮುನ್ನ ಜಾನ್ ಕ್ಯೂ. ಪಬ್ಲಿಕ್ ಎಂಬ ಸಾಮಾನ್ಯ ಪ್ರಜೆ ಅವರನ್ನು ತಡೆದು, ಮೊದಲು ಮದ್ದಿನ ರುಚಿ ನೋಡಿ ಎನ್ನುತ್ತಾನೆ. ಕುಡಿದವರಿಗೆ ತಮ್ಮ ಮುಂದಿನ ಗತಿ ಕಾಣುತ್ತದೆ: ಕಾರ್ಮಿಕನಿಗೆ ಮುಷ್ಕರದ ಹಕ್ಕಿಲ್ಲ, ಬಂಡವಾಳಗಾರನಿಗೆ ಕಾರ್ಖಾನೆಯಿಲ್ಲ, ರೈತನ ಹೊಲ ಸರ್ಕಾರದ್ದು, ರಾಜಕಾರಣಿ ಹೇಳಿಕೊಟ್ಟದ್ದನ್ನೇ ಒದರುವ ಯಂತ್ರ. ಬೆಚ್ಚಿಬಿದ್ದ ನಾಲ್ವರೂ ಸೇರಿ ಡಾಕ್ಟರನನ್ನು ಓಡಿಸುತ್ತಾರೆ.

ಇದು 1948ರಲ್ಲಿ ಅಮೆರಿಕದಲ್ಲಿ ತಯಾರಾದ, ಸುಮಾರು ಹತ್ತು ನಿಮಿಷದ ಬಣ್ಣದ ವ್ಯಂಗ್ಯಚಿತ್ರ 'ಮೇಕ್ ಮೈನ್ ಫ್ರೀಡಂ'. ಡಿಸ್ನಿ ಸ್ಟುಡಿಯೋದಲ್ಲಿ ಪಳಗಿದ್ದ ಜಾನ್ ಸದರ್ಲೆಂಡ್ ಅವರ ಸಂಸ್ಥೆ ಅದನ್ನು ಅರ್ಕಾನ್ಸಾದ ಹಾರ್ಡಿಂಗ್ ಕಾಲೇಜಿಗಾಗಿ ತಯಾರಿಸಿತು. ಹಣ ಕೊಟ್ಟದ್ದು ಜನರಲ್ ಮೋಟರ್ಸ್‌ನ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ಅವರ ಪ್ರತಿಷ್ಠಾನ. ಅದರ ಬೆನ್ನಿಗೆ 'ಮೀಟ್ ಕಿಂಗ್ ಜೋ' (1949) ಮೊದಲಾದ ಚಿತ್ರಗಳ ಸಾಲೇ ಬಂತು. 1956ರಲ್ಲಿ ಅಮೆರಿಕದ ಪೆಟ್ರೋಲಿಯಂ ಉದ್ಯಮದ ಒಕ್ಕೂಟಕ್ಕಾಗಿ ಇದೇ ಸಂಸ್ಥೆ 'ಡೆಸ್ಟಿನೇಷನ್ ಅರ್ತ್' ಮಾಡಿತು. ಮಂಗಳ ಗ್ರಹದ ಸರ್ವಾಧಿಕಾರಿ ಓಗ್ ಕಳಿಸಿದ ದೂತ ಭೂಮಿಗೆ ಬಂದು, ತೈಲ ಮತ್ತು ಪೈಪೋಟಿ ಇವೆರಡೇ ಸಮೃದ್ಧಿಯ ಗುಟ್ಟು ಎಂದು ತಿಳಿದು ಹಿಂತಿರುಗುವ ಕಥೆ ಅದು.

ಈ ಚಿತ್ರಗಳನ್ನು ಶಿವಮೊಗ್ಗ, ಭದ್ರಾವತಿಗಳ ನೆಲದಲ್ಲಿ ನಿಂತು ನೋಡಬೇಕೆಂಬುದು ನನ್ನ ಆಸೆ. ಸರ್ಕಾರದ ಉದ್ದಿಮೆ, ರೈತರ ಹೋರಾಟ, ಸಹಕಾರ ಸಂಘ, ಖಾಸಗಿ ತೋಟ ಎಲ್ಲವನ್ನೂ ಕಂಡುಂಡ ಜಿಲ್ಲೆ ಇದು. ಚಿತ್ರಗಳು ಹೇಳುವ ಮಾತಿನಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಎಂದು ಕೇರಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಮೊದಲು ಗಟ್ಟಿಯನ್ನು ಹೇಳಬೇಕು. ಕಸುಬಿನ ದೃಷ್ಟಿಯಿಂದ ಇವು ಅಚ್ಚುಕಟ್ಟಾದ ಚಿತ್ರಗಳು. 'ಮೇಕ್ ಮೈನ್ ಫ್ರೀಡಂ'ನೊಳಗೆ ಜೋ ಡೋಕ್ಸ್ ಎಂಬವನ ಉಪಕಥೆಯೊಂದಿದೆ. ಕುದುರೆಯಿಲ್ಲದ ಗಾಡಿಯನ್ನು ಕಂಡುಹಿಡಿದ ಅವನು ಪರಿಚಯದವರಿಂದ ಹಣ ಕೂಡಿಸಿ ಕಂಪನಿ ಕಟ್ಟುತ್ತಾನೆ. ಉಳಿತಾಯ ಹೇಗೆ ಬಂಡವಾಳವಾಗುತ್ತದೆ, ಹಣ ಹಾಕಿದವರು ಯಾಕೆ ಲಾಭದಲ್ಲಿ ಪಾಲು ಕೇಳುತ್ತಾರೆ ಎಂಬುದನ್ನು ಹಳ್ಳಿಯ ಶಾಲೆಯ ಮಗುವಿಗೂ ತಿಳಿಯುವಂತೆ ಅದು ಹೇಳುತ್ತದೆ. ನಮ್ಮ ಪಠ್ಯಪುಸ್ತಕಗಳ ಅರ್ಥಶಾಸ್ತ್ರಕ್ಕೆ ಈ ತಿಳಿಯಾದ ಮಾತು ಅಪರೂಪ.

ಚಿತ್ರದ ಭಯವೂ ಹುಸಿಯಲ್ಲ. ಅದು ತಯಾರಾದ ವರ್ಷದ ಫೆಬ್ರವರಿಯಲ್ಲೇ ಜೆಕೊಸ್ಲೊವಾಕಿಯದ ಕಮ್ಯುನಿಸ್ಟರು ಅಧಿಕಾರವನ್ನು ಪೂರ್ತಿ ಕೈವಶ ಮಾಡಿಕೊಂಡಿದ್ದರು. ಸೋವಿಯತ್ ಒಕ್ಕೂಟದಲ್ಲಿ ಹೊಲಗಳನ್ನು ಬಲವಂತದಿಂದ ಒಟ್ಟುಗೂಡಿಸಿ, ಧಾನ್ಯವನ್ನು ಕಸಿದು ಒಯ್ದ ಮೇಲೆ 1932-33ರಲ್ಲಿ ಉಕ್ರೇನ್ ಮತ್ತಿತರ ಕಡೆ ಲಕ್ಷಾಂತರ ರೈತರು ಹಸಿದು ಸತ್ತರು. ಒಂದೇ ಕೈಯಲ್ಲಿ ಹೊಲ, ಕಾರ್ಖಾನೆ, ಪತ್ರಿಕೆ, ಪೊಲೀಸು ಎಲ್ಲವೂ ಸೇರಿದರೆ ಮನುಷ್ಯನಿಗೆ ಓಡಿಹೋಗಲು ಜಾಗ ಉಳಿಯುವುದಿಲ್ಲ. ಇದನ್ನು ಅಷ್ಟು ಬೇಗ, ಅಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಚಿತ್ರಕ್ಕೆ ಮನ್ನಣೆ ಸಲ್ಲಲೇಬೇಕು.

ತಕರಾರು ಇರುವುದು ಸೀಸೆಯ ಬಗ್ಗೆ. ತನಗೆ ಬೇಡವಾದದ್ದನ್ನೆಲ್ಲ ಚಿತ್ರ ಒಂದೇ ಸೀಸೆಗೆ ತುಂಬಿ, ಒಂದೇ ಚೀಟಿ ಅಂಟಿಸುತ್ತದೆ. ಸ್ಟಾಲಿನ್ನನ ಬಂದೀಖಾನೆಗೂ ಸ್ವೀಡನ್ನಿನ ಪಿಂಚಣಿ ಯೋಜನೆಗೂ ಅಲ್ಲಿ ವ್ಯತ್ಯಾಸವಿಲ್ಲ. ಕಾರ್ಮಿಕನ ಮುಷ್ಕರದ ಹಕ್ಕಿಗಾಗಿ ಕಣ್ಣೀರಿಡುವ ಈ ಚಿತ್ರ ಬರುವುದಕ್ಕೆ ಒಂದು ವರ್ಷ ಮೊದಲು, 1947ರಲ್ಲಿ, ಅದೇ ಅಮೆರಿಕ ಟಾಫ್ಟ್-ಹಾರ್ಟ್ಲಿ ಕಾಯ್ದೆ ತಂದು ಕಾರ್ಮಿಕ ಸಂಘಗಳ ಕೈ ಕಟ್ಟಿತ್ತು. ಸ್ವಾತಂತ್ರ್ಯದ ಪಾಠ ಹೇಳಿದ ಹಾರ್ಡಿಂಗ್ ಕಾಲೇಜು ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1963ರಲ್ಲಿ. ಪರದೆಯ ಮೇಲೆ ಕಾಣುವುದು ಕಾಲೇಜಿನ ಹೆಸರು. ಹಣ ಕೊಟ್ಟ ವಾಹನ ಉದ್ಯಮಿಯ ಸುಳಿವೂ ನೋಡುಗನಿಗೆ ಸಿಗುವುದಿಲ್ಲ. ಉಪಕಥೆಯ ನಾಯಕ ಜೋ ಡೋಕ್ಸ್ ವಾಹನ ತಯಾರಕನೇ ಆಗಿರುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. 1954ರ 'ಅನಿಮಲ್ ಫಾರ್ಮ್' ಚಿತ್ರದ್ದೂ ಇದೇ ಕಥೆ. ಅದಕ್ಕೆ ಗುಟ್ಟಾಗಿ ಹಣ ಒದಗಿಸಿದ್ದು ಅಮೆರಿಕದ ಗೂಢಚರ್ಯೆ ಸಂಸ್ಥೆ ಸಿಐಎ. ಮೂಲ ಕಾದಂಬರಿಗೆ ಜಾರ್ಜ್ ಆರ್ವೆಲ್ ಬರೆದ ಕೊನೆಯನ್ನು ಬದಲಿಸಿ, ಪ್ರಾಣಿಗಳು ಮತ್ತೆ ದಂಗೆ ಎದ್ದಂತೆ ಅಲ್ಲಿ ತೋರಿಸಲಾಯಿತು.

ಸ್ವಾತಂತ್ರ್ಯದ ಪರ ವಾದಿಸುವ ಚಿತ್ರ ತನ್ನ ನೋಡುಗನನ್ನೂ ಸ್ವತಂತ್ರನೆಂದು ಗೌರವಿಸಬೇಕು. ವಿಚಾರ ಮಾಡಲು ಬೇಕಾದ ಸಂಗತಿಗಳನ್ನು ಅವನ ಮುಂದಿಟ್ಟು, ತೀರ್ಪನ್ನು ಅವನಿಗೇ ಬಿಡಬೇಕು. ಈ ಅಳತೆಯಲ್ಲಿ ಸದರ್ಲೆಂಡ್ ಚಿತ್ರಗಳು ಸೋಲುತ್ತವೆ.

ನಮ್ಮ ಸರ್ಕಾರದ ಚಿತ್ರಗಳಾದರೂ ಗೆದ್ದವೇ? ಫಿಲ್ಮ್ಸ್ ಡಿವಿಷನ್ ಹುಟ್ಟಿದ್ದೂ ಅದೇ 1948ರಲ್ಲಿ. ಅದರ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ಪ್ರತಿ ಚಿತ್ರಮಂದಿರವೂ ತೋರಿಸಲೇಬೇಕಿತ್ತು. ಅದಕ್ಕೆ ಬಾಡಿಗೆಯನ್ನೂ ತೆರಬೇಕಿತ್ತು. ಅಣೆಕಟ್ಟು ಏಳುತ್ತಿತ್ತು, ಕುಲುಮೆ ಉರಿಯುತ್ತಿತ್ತು, ಪಂಚವಾರ್ಷಿಕ ಯೋಜನೆ ಮುನ್ನಡೆಯುತ್ತಿತ್ತು. ಶರಾವತಿಯ ನೀರಿನಲ್ಲಿ ಮನೆಮಠ ಕಳೆದುಕೊಂಡವರ ಮಾತಿಗೆ ಅಂಥ ಚಿತ್ರಗಳಲ್ಲಿ ಎಡೆ ಇರಲಿಲ್ಲ. ಒಂದು ಕಡೆ ಕಂಪನಿಯ ಹೊಗಳಿಕೆ, ಇನ್ನೊಂದು ಕಡೆ ಸರ್ಕಾರದ ಹೊಗಳಿಕೆ. ನೋಡುಗನನ್ನು ಎರಡೂ ಕಡೆಯವರು ಮಕ್ಕಳಂತೆ ಕಂಡರು.

ಇನ್ನು ಭದ್ರಾವತಿಗೆ ಬರೋಣ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಇವನ್ನು ನೆಚ್ಚಿ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಅದನ್ನು ಕಟ್ಟಿದ್ದು ಮೈಸೂರು ಸಂಸ್ಥಾನ, ಕನಸು ಕಂಡದ್ದು ವಿಶ್ವೇಶ್ವರಯ್ಯ. ಅವರು ಸಮಾಜವಾದಿಯಲ್ಲ. ಆದರೂ 1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕೆಂದು ಪುಸ್ತಕ ಬರೆದರು. 1944ರ ಬಾಂಬೆ ಯೋಜನೆಯಲ್ಲಿ ಟಾಟಾ, ಬಿರ್ಲಾರಂಥ ಬಂಡವಾಳಗಾರರೇ ಸರ್ಕಾರ ದೊಡ್ಡ ಪಾತ್ರ ವಹಿಸಲಿ ಎಂದು ಕೇಳಿದರು. ಯಾವ ಡಾಕ್ಟರ್ ಯುಟೋಪಿಯಾನೂ ಬಂದು ಇವರನ್ನು ಮರುಳು ಮಾಡಿರಲಿಲ್ಲ. ಪರಕೀಯರ ಆಳ್ವಿಕೆಯಲ್ಲಿದ್ದ ಬಡ ದೇಶದಲ್ಲಿ ದೊಡ್ಡ ಉದ್ದಿಮೆಗೆ ಬೇಕಾದಷ್ಟು ಹಣವನ್ನು, ಅಷ್ಟು ಕಾಲ ಕಾಯುವ ತಾಳ್ಮೆಯನ್ನು ಖಾಸಗಿಯವರೊಬ್ಬರೇ ಒದಗಿಸಲಾರರು ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಆ ಲೆಕ್ಕಾಚಾರ ಒಂದು ಊರನ್ನೇ ಕಟ್ಟಿತು. ಕಾರ್ಖಾನೆಯ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆಗಳಲ್ಲಿ ಬೆಳೆದ ತಲೆಮಾರುಗಳಿವೆ. ಅದೇ ಲೆಕ್ಕಾಚಾರದ ಇನ್ನೊಂದು ಮುಖವನ್ನೂ ಭದ್ರಾವತಿ ಕಂಡಿದೆ. ಕಾರ್ಖಾನೆ 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದ (ಸೈಲ್) ಅಧೀನಕ್ಕೆ ಹೋಯಿತು, 1998ರಲ್ಲಿ ಅದರಲ್ಲಿ ಲೀನವಾಯಿತು. ತೀರ್ಮಾನಗಳು ದೆಹಲಿಯಲ್ಲಾದವು, ಪರಿಣಾಮ ಭದ್ರಾವತಿಯಲ್ಲಾಯಿತು. ನೆರೆಯ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಒಂದೇ ಒಡೆಯನನ್ನು ನೆಚ್ಚಿದ ಊರು ಆ ಒಡೆಯ ಮುಖ ತಿರುಗಿಸಿದ ದಿನ ಅನಾಥವಾಗುತ್ತದೆ ಎಂಬ ಮಟ್ಟಿಗೆ ಅಮೆರಿಕದ ಚಿತ್ರದ ಎಚ್ಚರಿಕೆ ಇಲ್ಲಿ ನಿಜವಾಗಿದೆ. ಆದರೆ ಒಡೆಯ ಖಾಸಗಿ ಕಂಪನಿಯಾಗಿದ್ದರೂ ಊರಿನ ಗತಿ ಇದೇ ಆಗುತ್ತಿತ್ತು ಎಂಬುದನ್ನು ಆ ಚಿತ್ರ ಹೇಳುವುದಿಲ್ಲ.

ಚಿತ್ರದ ವಾದ ಪೂರ್ತಿ ಕುಸಿಯುವುದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಅಲ್ಲಿಯ ಗೇಣಿದಾರರು ಒಡೆಯರಿಗೆ ಭತ್ತ ಅಳೆಯಬೇಕಿತ್ತು. ಅಳೆಯುವ ಕೊಳಗವೂ ಒಡೆಯರದ್ದೇ, ರೂಢಿಯ ಅಳತೆಗಿಂತ ದೊಡ್ಡದು. ಒಬ್ಬೊಬ್ಬರೇ ಕೇಳಿದಾಗ ಯಾರೂ ಕಿವಿಗೊಡಲಿಲ್ಲ. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಅವರು ಸಂಘ ಕಟ್ಟಿದರು. 1951ರಲ್ಲಿ ಸತ್ಯಾಗ್ರಹ ನಡೆಯಿತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಲ್ಲಿ ಎದ್ದ ದನಿಯ ಮುಂದುವರಿಕೆಯೇ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ.

ಆ ಕಾಯ್ದೆಯಿಂದ ಗೇಣಿದಾರನಿಗೆ ದಕ್ಕಿದ್ದು ಅವನದೇ ಹೆಸರಿನ ಪಹಣಿ, ಖಾಸಗಿ ಒಡೆತನ. ಜಾನ್ ಕ್ಯೂ. ಪಬ್ಲಿಕ್ ಕೊಂಡಾಡುವ ಸ್ವಾತಂತ್ರ್ಯ ಇದೇ ತಾನೇ? ನಮ್ಮ ಜಿಲ್ಲೆಯಲ್ಲಿ ಅದು ಬಂದದ್ದು ಜನ ಒಟ್ಟಾಗಿ ನಿಂತಿದ್ದರಿಂದ. ಒಡೆತನವನ್ನು ಒಂದು ಪಕ್ಷವಾಗಿ, ಒಗ್ಗಟ್ಟನ್ನು ಅದರ ಶತ್ರುವಾಗಿ ನಿಲ್ಲಿಸುವ ಚಿತ್ರಕ್ಕೆ ಈ ರೈತನ ಕಥೆ ಹೇಳಲು ಬಾರದು. ಅಡಿಕೆ ಬೆಳೆಗಾರನ ಕಥೆಯೂ ಬಾರದು. ಅವನ ತೋಟ ಅವನದು. ಬೆಳೆಯುವುದು, ಸುಲಿಸುವುದು, ಒಳ್ಳೆಯ ಧಾರಣೆಗೆ ಕಾಯುವುದು ಅವನ ಇಷ್ಟ. ಆದರೂ ದಲಾಲರ ಮುಂದೆ ಒಂಟಿಯಾಗಿ ನಿಲ್ಲಬಾರದೆಂದು ಶಿವಮೊಗ್ಗದ ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘದ ಸದಸ್ಯನಾಗುತ್ತಾನೆ. ಸಂಘ ಬೇಡವೆನಿಸಿದರೆ ಮಂಡಿಗೆ ಹೋಗುತ್ತಾನೆ. ಹೊರಬರುವ ಬಾಗಿಲು ತೆರೆದಿರುವ ಒಗ್ಗಟ್ಟು ಬೇರೆ, ಬಂದೂಕಿನ ತುದಿಯಲ್ಲಿ ಹೇರಿದ ಒಗ್ಗಟ್ಟು ಬೇರೆ. ಈ ಒಂದು ವ್ಯತ್ಯಾಸವನ್ನು ಮರೆಮಾಚಿದ್ದೇ ಆ ಚಿತ್ರಗಳ ದೊಡ್ಡ ತಪ್ಪು.

ಸ್ವಂತ ದುಡಿಮೆಯ ಹಿರಿಮೆಯನ್ನು ಕನ್ನಡ ಚಿತ್ರರಂಗ ಬೇರೆ ರೀತಿಯಲ್ಲಿ ಹೇಳಿದೆ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ 'ಬಂಗಾರದ ಮನುಷ್ಯ' (1972) ಚಿತ್ರದ ರಾಜೀವ ಕಲ್ಲುಬಂಡೆಯ ಬರಡು ನೆಲವನ್ನು ಹಟ ಹಿಡಿದು ಹಸಿರಾಗಿಸುತ್ತಾನೆ. ಸಂಪತ್ತನ್ನು ಪಾಪವೆಂದು ಕಾಣದೆ, ಬೆವರಿನ ಫಲವೆಂದು ಕಾಣುವ ಚಿತ್ರ ಅದು. ಅದನ್ನು ನೋಡಿ ಹಳ್ಳಿಗೆ ಮರಳಿದ ಯುವಕರಿದ್ದರು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಕೊನೆಗೆ ಅಕ್ಕನ ಮಗನಿಂದಲೇ ಅವಮಾನಿತನಾಗಿ, ಉಣ್ಣುವ ಎಲೆಯ ಮುಂದಿನಿಂದ ಎದ್ದು, ಕಟ್ಟಿದ್ದೆಲ್ಲವನ್ನೂ ಬಿಟ್ಟು ಹೋಗುತ್ತಾನೆ. ಒಡೆತನಕ್ಕಿಂತ ದೊಡ್ಡದೊಂದಿದೆ ಎನ್ನುವ ಈ ಕೊನೆ ಸದರ್ಲೆಂಡ್ ಊಹಿಸಲಾರದ್ದು. ಚಿತ್ರಕ್ಕೊಂದು ಮಿತಿಯೂ ಇದೆ: ಒಡೆಯ ಒಳ್ಳೆಯವನಾದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ. ಕಾಗೋಡಿನವರಿಗೆ ಒಳ್ಳೆಯ ಒಡೆಯ ಸಾಲುತ್ತಿರಲಿಲ್ಲ, ಸರಿಯಾದ ಕೊಳಗವೇ ಬೇಕಿತ್ತು.

ಸರ್ಕಾರ ಮತ್ತು ಒಂಟಿ ಮನುಷ್ಯನ ಸಂಬಂಧದ ಮೇಲೆ ನಮ್ಮಲ್ಲಿ ಬಂದ ಅತ್ಯುತ್ತಮ ಚಿತ್ರ, ನನ್ನ ದೃಷ್ಟಿಯಲ್ಲಿ, 'ತಬರನ ಕಥೆ' (1986). ಕಥೆ ಪೂರ್ಣಚಂದ್ರ ತೇಜಸ್ವಿಯವರದು. ನಿರ್ದೇಶಿಸಿದ್ದು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿ. ನಿವೃತ್ತ ನೌಕರ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ; ಇತ್ತ ಹೆಂಡತಿಯ ಕಾಲು ಕೊಳೆಯುತ್ತ ಹೋಗುತ್ತದೆ. ಇಲ್ಲಿ ಯಾವ ಸರ್ವಾಧಿಕಾರಿಯೂ ಇಲ್ಲ, ಕೇಡಿಗನೂ ಇಲ್ಲ. ಒಂದು ಕಡತ, ಒಂದು ಸಹಿ, ಒಂದು 'ನಾಳೆ ಬಾ' ಇಷ್ಟೇ ಸೇರಿ ಒಬ್ಬ ಮನುಷ್ಯನನ್ನು ಅರೆದುಹಾಕುತ್ತವೆ. ಸರ್ಕಾರಿ ಯಂತ್ರ ಒಂಟಿ ಮನುಷ್ಯನಿಗೆ ಏನು ಮಾಡಬಲ್ಲದೆಂಬುದನ್ನು ಇಷ್ಟು ನಿಷ್ಠುರವಾಗಿ ಹೇಳಿದ ಅಮೆರಿಕದ ಪ್ರಚಾರಚಿತ್ರ ಒಂದನ್ನೂ ನಾನು ಕಂಡಿಲ್ಲ. ಹಾಗೆಂದು ಕಾಸರವಳ್ಳಿ ಯಾವ ಮದ್ದನ್ನೂ ಮಾರುವುದಿಲ್ಲ. ತಬರನಾಗಿ ನಟಿಸಿದ ಚಾರುಹಾಸನ್ ಅವರ ಮುಖವನ್ನು ನಮ್ಮ ಮುಂದಿಟ್ಟು, ನೀವೇ ಹೇಳಿ ಎನ್ನುತ್ತಾರೆ. ನೋಡುಗನ ಸ್ವಾತಂತ್ರ್ಯಕ್ಕೆ ಇಲ್ಲಿ ಪೂರ್ಣ ಮರ್ಯಾದೆ ಸಿಕ್ಕಿದೆ.

ಹೀಗೆ ನೋಡುವುದನ್ನು ನಮ್ಮ ಜಿಲ್ಲೆ ಅಭ್ಯಾಸ ಮಾಡಿಕೊಂಡಿತ್ತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಎಪ್ಪತ್ತರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್', 'ರಾಶೋಮನ್' ಚಿತ್ರಗಳನ್ನು ಹಳ್ಳಿಯವರಿಗೆ ತೋರಿಸಿತು. ಸತೀಶ್ ಬಹಾದ್ದೂರ್, ಪಿ.ಕೆ. ನಾಯರ್ ಅವರಂಥವರು ಬಂದು ಚಿತ್ರ ನೋಡುವ ಬಗೆಯನ್ನು ಕಲಿಸಿದರು. ತೋಟದ ಕೆಲಸ ಮುಗಿಸಿ ಬಂದವರು ಚಿತ್ರ ನೋಡಿ, ಕೂತು ಚರ್ಚಿಸಿದರು.

ಆ ಅಭ್ಯಾಸ ಮತ್ತೆ ಬೇಕು. ಇಂದು ಕೈಯಲ್ಲಿನ ಫೋನಿಗೆ ಹೊಸ ಹೊಸ ಡಾಕ್ಟರ್ ಯುಟೋಪಿಯಾಗಳು ಬರುತ್ತಿದ್ದಾರೆ. ಮಾರುಕಟ್ಟೆಯ ಮದ್ದು ಮಾರುವವರೂ ಅವರಲ್ಲಿದ್ದಾರೆ, ಸರ್ಕಾರದ ಮದ್ದು ಮಾರುವವರೂ ಇದ್ದಾರೆ. ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ಮನವಿ ಇಷ್ಟೇ: 'ಮೇಕ್ ಮೈನ್ ಫ್ರೀಡಂ' ಮತ್ತು 'ತಬರನ ಕಥೆ' ಎರಡನ್ನೂ ಒಂದೇ ದಿನ ವಿದ್ಯಾರ್ಥಿಗಳಿಗೆ ತೋರಿಸಿ. ಹಣ ಯಾರದು, ಯಾರ ಮಾತು ಕೇಳಿಸಲಿಲ್ಲ ಎಂದು ಕೇಳಲು ಕಲಿಸಿ. ಆಮೇಲೆ ತೀರ್ಪನ್ನು ಅವರಿಗೇ ಬಿಡಿ.