ವೈರಾಣುಪರೀಕ್ಷೆಯ ಪ್ರಾಮಾಣ್ಯವಿಚಾರ

ರೋಗಪರೀಕ್ಷೆಯ ಯೋಗ್ಯತೆಯನ್ನು ಹೇಳುವಾಗ ಕನ್ನಡ ಲೇಖಕರು ಈಚೆಗೆ 'ನಿಖರತೆ' ಎಂಬ ಒಂದೇ ಶಬ್ದದಿಂದ ತೃಪ್ತರಾಗುತ್ತಿರುವರು. ಈ ಶಬ್ದವು ಎರಡು ಭಿನ್ನದೋಷಗಳನ್ನು ಒಂದಾಗಿ ಮುಚ್ಚಿಡುವುದು. ತರ್ಕದ ಮೊದಲ ಪಾಠವನ್ನೋದಿದ ಬಾಲಕನೂ ಇವನ್ನು ಬೇರ್ಪಡಿಸಬಲ್ಲನು: ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿದು ಅವ್ಯಾಪ್ತಿ, ಕೊಂಬುಳ್ಳುದೇ ಗೋವೆಂದರೆ ಎಮ್ಮೆಯೂ ಒಳಹೊಕ್ಕು ಅತಿವ್ಯಾಪ್ತಿ. ಪರೀಕ್ಷೆಯು ರೋಗಿಯನ್ನು ಬಿಟ್ಟುದಾದರೆ ಮೊದಲನೆಯ ದೋಷ. ನಿರೋಗಿಯನ್ನು ಹಿಡಿದುದಾದರೆ ಎರಡನೆಯದು. ರೋಗಿಯನ್ನು ಹಿಡಿಯುವ ಶಕ್ತಿಗೆ ಕೆಲವರು 'ಸಂವೇದನಾಶೀಲತೆ' ಎನ್ನುವುದುಂಟು. ಅದು ಕಾವ್ಯರಸಿಕನಿಗೆ ಒಪ್ಪುವ ವಿಶೇಷಣವೇ ಹೊರತು ಪರೀಕ್ಷಾಪಟ್ಟಿಗಲ್ಲ.

2020ರ ಜೂನ್ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಕೋವಿಡ್ ರೋಗದ ಶೀಘ್ರ ಪ್ರತಿಜನಕ ಪರೀಕ್ಷೆಯೊಂದನ್ನು ಅಂಗೀಕರಿಸಿತು. ಅದು ರೋಗಿಗಳನ್ನು ಹಿಡಿಯುವುದು ನೂರಕ್ಕೆ 50.6ರಿಂದ 84, ನಿರೋಗಿಗಳನ್ನು ಸರಿಯಾಗಿ ಬಿಡುವುದು 99.3ರಿಂದ 100. ರೋಗಲಕ್ಷಣವುಳ್ಳವನಲ್ಲಿ 'ನಾಸ್ತಿ' ಎಂದು ಬಂದರೆ ಆರ್‌ಟಿ-ಪಿಸಿಆರ್ ಪರೀಕ್ಷೆಯನ್ನು ಮಾಡತಕ್ಕದ್ದು, 'ಅಸ್ತಿ' ಎಂದು ಬಂದರೆ ಅದೇ ನಿರ್ಣಯವೆಂದು ವಿಧಿಸಲಾಯಿತು.

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯಂಥ ಊರಿನಲ್ಲಿ ಸಾವಿರ ಜನರನ್ನು ಪರೀಕ್ಷಿಸಿದರೆಂದೂ ಅವರಲ್ಲಿ ಹತ್ತು ಮಂದಿಗೆ ಸೋಂಕಿದೆಯೆಂದೂ ಕಲ್ಪಿಸಬಹುದು. ಮೇಲಿನ ಕನಿಷ್ಠಸಂಖ್ಯೆಗಳಂತೆ ಐವರು ಸಿಕ್ಕುವರು, ಐವರು ತಪ್ಪುವರು. 990 ನಿರೋಗಿಗಳಲ್ಲಿ ಸುಮಾರು ಏಳು ಮಂದಿ ವೃಥಾ ಸಿಲುಕುವರು. ಹನ್ನೆರಡು 'ಅಸ್ತಿ'ಗಳಲ್ಲಿ ಐದೇ ದಿಟ! ಸೋಂಕುಳ್ಳವರು ಇನ್ನೂರಾದರೆ 107ರಲ್ಲಿ 101 ದಿಟ; ಆದರೆ 99 ಮಂದಿ ತಪ್ಪುವರು. ಪರೀಕ್ಷೆಯು ಬದಲಾಗಲಿಲ್ಲ, ಊರು ಬದಲಾಯಿತು. ಆದುದರಿಂದ ಮೇಲಿನ ವಿಧಿಯು ಅವ್ಯಾಪ್ತಿಗೆ ಮಾತ್ರ ಪರಿಹಾರವನ್ನು ಹೇಳಿ, ರೋಗವು ವಿರಳವಾದೆಡೆ ಪ್ರಬಲವಾಗುವ ಅತಿವ್ಯಾಪ್ತಿಯನ್ನು ಉಪೇಕ್ಷಿಸಿತೆಂದೇ ಹೇಳಬೇಕು.

ಇನ್ನೊಂದು ಶಂಕೆಯುಂಟು. ಈ ಸಂಖ್ಯೆಗಳನ್ನು ಆರ್‌ಟಿ-ಪಿಸಿಆರನ್ನೇ ಒರೆಗಲ್ಲಾಗಿ ಹಿಡಿದು ಎಣಿಸಿದುದು. ಆ ಒರೆಗಲ್ಲಿಗೆ ಪ್ರಮಾಣವೇನು? ಮತ್ತೊಂದು ಪರೀಕ್ಷೆಯೆಂದರೆ ಅನವಸ್ಥೆ. ಯಾವ ಪರೀಕ್ಷೆಯನ್ನೂ ನಿರ್ದೋಷವೆನ್ನದೆ, ಹಲವು ಪರೀಕ್ಷೆಗಳ ಸಂವಾದ-ವಿಸಂವಾದಗಳಿಂದ ಎಲ್ಲವುಗಳ ದೋಷವನ್ನೂ ಅನುಮಾನಿಸುವ ಗಣಿತಮಾರ್ಗವುಂಟು; ಅಲ್ಲಿಯೂ ಪರೀಕ್ಷೆಗಳು ಒಟ್ಟಿಗೆ ತಪ್ಪಿದರೆ ಅನುಮಾನವು ಕೆಡುವುದು.

ರಟ್ಟೀಹಳ್ಳಿಯಿಂದ ಶಿಕಾರಿಪುರವನ್ನು ದಾಟಿದರೆ ಸೊರಬ ಸೀಮೆ. ಅಲ್ಲಿಯ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಮಂಗಗಳು ಸತ್ತು ಜನರಿಗೆ ಜ್ವರ ತಗಲಿದಾಗ ಹಳದಿಜ್ವರವೆಂಬ ಶಂಕೆಯೂ ಹುಟ್ಟಿತ್ತು. ವೈರಾಣುವನ್ನು ಬೇರ್ಪಡಿಸಿದ ಮೇಲೆ ಅದು ಬೇರೆಯೇ ಎಂದು ತಿಳಿಯಿತು. ಈ ಮಂಗನಕಾಯಿಲೆಯಲ್ಲಿ ಕಾಲವೂ ಲಕ್ಷಣದೊಳಗೆ ಸೇರುವುದು. ಮೊದಲ ದಿನಗಳಲ್ಲಿ ರಕ್ತದೊಳಗೆ ವೈರಾಣುವೇ ಸಿಕ್ಕುವುದು; ಪ್ರತಿಕಾಯಗಳು ತಡೆದು ತೋರುವುವು. ಎರಡನೆಯ ದಿನದ ರಕ್ತದಲ್ಲಿ ಪ್ರತಿಕಾಯವು ಕಾಣದಿದ್ದರೆ ರೋಗಾಭಾವವು ಸಿದ್ಧವಾಗದು. ವೈರಾಣುವನ್ನೇ ಅರಸಬೇಕು, ಇಲ್ಲವೆ ಕೆಲದಿನಗಳ ಮೇಲೆ ಮತ್ತೆ ರಕ್ತವನ್ನು ತೆಗೆಯಬೇಕು.