ನೀರಿಗೆ ಅಂಕ ಹಾಕುವ ಪೆನ್ನು

ಹೊಸದಾಗಿ ಬೋರ್‌ವೆಲ್ ಕೊರೆಸಿದ ಮನೆಗೆ ಫಿಲ್ಟರ್ ಮಾರುವವನು ತಪ್ಪದೆ ಬರುತ್ತಾನೆ. ಜೇಬಿನಿಂದ ಪೆನ್ನಿನಂಥ ಮೀಟರ್ ತೆಗೆದು ಲೋಟದ ನೀರಿಗೆ ಅದ್ದುತ್ತಾನೆ. 640 ಎಂದು ತೋರಿಸಿದರೆ ಮನೆಯವರ ಮುಖ ಸಪ್ಪಗಾಗುತ್ತದೆ. ತನ್ನ ಯಂತ್ರದಿಂದ ಬಂದ ನೀರಿಗೆ ಅದ್ದಿದರೆ 40. ಅಲ್ಲಿಗೆ ವ್ಯಾಪಾರ ಕುದುರಿತು. ಬಾವಿ, ಬೋರ್‌ವೆಲ್, ಅಬ್ಬಿ ಯಾವುದೇ ಇರಲಿ, ಈಗ ಜನ ಕೇಳುವುದು ಒಂದೇ ಪ್ರಶ್ನೆ: ‘ಟಿಡಿಎಸ್ ಎಷ್ಟು?’ ಕೆಲವು ನೂರು ರೂಪಾಯಿಯ ಈ ಸಾಧನಕ್ಕೆ ತೀರ್ಪು ಕೊಡುವ ಯೋಗ್ಯತೆ ಇದೆಯೇ ಎಂದು ಕೇಳುವವರು ಕಡಿಮೆ.

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಪದಾರ್ಥಗಳ ಒಟ್ಟು ಪ್ರಮಾಣ. ಲ್ಯಾಬಿನಲ್ಲಾದರೆ ಸೋಸಿದ ನೀರನ್ನು ಆವಿಯಾಗಿಸಿ, ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಪೆನ್ನು ಏನನ್ನೂ ತೂಗುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು, ಅದರಿಂದ ಒಂದು ಅಂದಾಜು ಕಟ್ಟುತ್ತದೆ. ವಿದ್ಯುತ್ತನ್ನು ಹರಿಸದ ವಸ್ತು ಅದರ ಲೆಕ್ಕಕ್ಕೇ ಇಲ್ಲ. ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿ ಕರಗಿಸಿ, ಅಂಕಿ ಏರುವುದಿಲ್ಲ. ಚಿಟಿಕೆ ಉಪ್ಪು ಹಾಕಿದರೆ ಒಮ್ಮೆಲೇ ಜಿಗಿಯುತ್ತದೆ. ಪೊಟ್ಯಾಸಿಯಂ ತುಂಬಿದ ಎಳನೀರಿಗೆ ಅದ್ದಿದರಂತೂ ಸಾವಿರಗಳಲ್ಲಿ ತೋರಿಸುತ್ತದೆ. ಮಾರಾಟಗಾರನ ಮಾತು ಕೇಳಿದರೆ ಎಳನೀರನ್ನು ಚರಂಡಿಗೆ ಸುರಿಯಬೇಕು!

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಲ್ಲಿ (ಐಎಸ್ 10500) ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದ ಕಡೆ 2000ದವರೆಗೂ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ದೃಷ್ಟಿಯಿಂದ ಇದಕ್ಕೆ ಮಿತಿಯನ್ನೇ ಹಾಕಿಲ್ಲ. 1000 ದಾಟಿದರೆ ರುಚಿ ಕೆಡುತ್ತದೆ ಎನ್ನುತ್ತದೆ, ಅಷ್ಟೆ. ಆದರೆ ಫ್ಲೋರೈಡಿಗೆ ನಮ್ಮ ಮಾನದಂಡದ ಗಡಿ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ನೈಟ್ರೇಟಿಗೆ 45. ಆರ್ಸೆನಿಕ್‌ಗೆ 0.01. ಮೈಗೆ ಕುತ್ತು ತರುವಂಥವು ಇವು, ಮತ್ತು ಇವುಗಳಲ್ಲಿ ಒಂದನ್ನೂ ಪೆನ್ನು ಬೇರೆಯಾಗಿ ಗುರುತಿಸಲಾರದು. ಟಿಡಿಎಸ್ 400 ಇರುವ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಅದು ಒಟ್ಟು ತೂಕದ ನೂರರಲ್ಲೊಂದು ಪಾಲೂ ಅಲ್ಲ. ಮೂಟೆ ತೂಗಿ ನೋಡಿ, ಒಳಗಿರುವ ಅಕ್ಕಿಯಲ್ಲಿ ಎಷ್ಟು ಕಲ್ಲಿದೆ ಎಂದು ಹೇಳಿದ ಹಾಗಾಯಿತು.

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಮುಂಡರಗಿ ಸೀಮೆಯಲ್ಲಿ ಇದು ಬರೀ ತರ್ಕವಲ್ಲ. ಅಲ್ಲಿನ ಬಂಡೆಯಲ್ಲೇ ಫ್ಲೋರೈಡ್ ಖನಿಜಗಳಿವೆ. ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ಸಿಗುವುದು ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಾಗುವುದು ವರ್ಷಗಳು ಕಳೆದ ಮೇಲೆ: ಮಕ್ಕಳ ಹಲ್ಲಿನಲ್ಲಿ ಕಂದು ಗೀರು, ದೊಡ್ಡವರಿಗೆ ಬಗ್ಗದ ಬೆನ್ನು, ಮಡಚಲಾಗದ ಮಂಡಿ. ಪಕ್ಕದ ಆಂಧ್ರದ ನೆಲ್ಲೂರು ಸೀಮೆಯಲ್ಲಿ ಈ ರೋಗ 1937ರಲ್ಲೇ ದಾಖಲಾಗಿತ್ತು.

ಪೆನ್ನಿಗಿಂತ ಅಜ್ಜಿಯ ಕಾಲದ ಪರೀಕ್ಷೆಯೇ ಮೇಲು ಎನ್ನುವವರಿದ್ದಾರೆ. ಬೇಳೆ ಬೇಗ ಬೆಂದರೆ, ಸೋಪು ನೊರೆ ಬಂದರೆ ಒಳ್ಳೆಯ ನೀರು. ಇಲ್ಲದಿದ್ದರೆ ಗಡಸು ನೀರು. ಪರೀಕ್ಷೆ ಸುಳ್ಳಲ್ಲ, ಕ್ಯಾಲ್ಸಿಯಂ ಹೆಚ್ಚಿದ್ದರೆ ಬೇಳೆ ಬೇಯುವುದು ನಿಧಾನವೇ. ಪೇಚಿರುವುದು ಬೇರೆ ಕಡೆ. ಕ್ಯಾಲ್ಸಿಯಂ ಇದ್ದಲ್ಲಿ ಫ್ಲೋರೈಡ್ ಅದರೊಡನೆ ಗಟ್ಟಿಗೊಂಡು ನೀರಿನಿಂದ ಹೊರಬೀಳುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾ, ಹೆಚ್ಚಿರುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಾಗಿ ಕರಗಿ ಉಳಿಯುವುದು. ಬೇಳೆಯನ್ನು ಬೆಣ್ಣೆಯಂತೆ ಬೇಯಿಸುವ ನೀರೇ ಮೂಳೆಯನ್ನು ಕೆಡಿಸುವ ನೀರೂ ಆಗಿರಬಹುದು. ಹಳಬರ ಜಾಣ್ಮೆಯನ್ನು ಕೊಂಡಾಡುವ ಭರದಲ್ಲಿ ಇದನ್ನು ಮರೆತವರು ಬಹಳ.

ರೋಗಾಣುಗಳ ವಿಷಯದಲ್ಲಿ ಪೆನ್ನು ಪೂರ್ತಿ ಕುರುಡು. ಮಲೆನಾಡಿನ ಅಬ್ಬಿ ನೀರಿಗೋ ಹಂಚಿನಿಂದ ಹಿಡಿದ ಮಳೆನೀರಿಗೋ ಅದು ಧಾರಾಳವಾಗಿ ಪಾಸ್ ಮಾರ್ಕು ಕೊಡುತ್ತದೆ. ಗುಡ್ಡದ ಮೇಲೆ ದನ ಮೇಯುತ್ತಿದೆಯೇ, ಹಂಚಿನ ಮೇಲೆ ಹಕ್ಕಿ ಹಿಕ್ಕೆ ಇದೆಯೇ ಎಂಬುದು ಅದಕ್ಕೆ ತಿಳಿಯದು. 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ-ಕೋಲಿ ಇರಬಾರದು ಎಂಬುದು ಮಾನದಂಡ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಂಥ ಅಪಾಯವನ್ನು ಟಿಡಿಎಸ್ ಅಂಕಿ ಮುಂಚೆ ಹೇಳುವುದಿಲ್ಲ. ಹೇಳಬಲ್ಲ ಅಗ್ಗದ ಉಪಾಯವೊಂದು ನಮ್ಮಲ್ಲೇ ಹುಟ್ಟಿದೆ. ಗ್ವಾಲಿಯರ್‌ನ ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ಬಾಟಲಿ ಪರೀಕ್ಷೆ ಅದು. ಅದಕ್ಕೆಂದೇ ಸಿದ್ಧಪಡಿಸಿದ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಡಬೇಕು. ಕಪ್ಪಾದರೆ ಮಲ ಸೇರಿರುವ ಅನುಮಾನ. ಲ್ಯಾಬಿನಷ್ಟು ಖಚಿತವಲ್ಲ, ಆದರೂ ಕೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತದೆ.

ನ್ಯಾಯಪೀಠಗಳೂ ಈ ಅಂಕಿಯ ಮೋಡಿಗೆ ಹೊರತಲ್ಲ. 500ಕ್ಕಿಂತ ಕಡಿಮೆ ಟಿಡಿಎಸ್ ಇರುವಲ್ಲಿ, ನೀರನ್ನು ಪೊರೆಯಿಂದ ಸೋಸುವ ಆರ್‌ಒ ಯಂತ್ರ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಹೇಳಿತು. ಅದರಿಂದ ನೀರು ಪೋಲಾಗಬಾರದೆಂಬ ಕಾಳಜಿ ಸರಿ. ಅಳತೆಗೋಲು ಮಾತ್ರ ಅದೇ. 450 ಟಿಡಿಎಸ್ ಜೊತೆಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ಹಳ್ಳಿಗೆ ಆರ್‌ಒ ಬೇಕೋ ಬೇಡವೋ?

ಪೆನ್ನು ನಿರುಪಯೋಗಿಯೇನಲ್ಲ. ಏಪ್ರಿಲ್–ಮೇನಲ್ಲಿ ಕರಾವಳಿಯ ಬಾವಿಗೆ ಉಪ್ಪುನೀರು ನುಗ್ಗುತ್ತಿದೆಯೇ, ಆರ್‌ಒ ಪೊರೆ ಸವೆದಿದೆಯೇ ಎಂದು ತಿಳಿಯಲು ಅದಕ್ಕಿಂತ ಸುಲಭದ ಸಾಧನವಿಲ್ಲ. ಒಂದೇ ಮೂಲದ ನೀರು ನಿನ್ನೆಗಿಂತ ಇಂದು ಬದಲಾಗಿದೆಯೇ ಎಂದು ಅದು ಹೇಳಬಲ್ಲದು. ಕುಡಿಯಬಹುದೇ ಎಂದು ಹೇಳಲಾರದು.

ಜಲಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸುವ ತರಬೇತಿ ಕೊಡಬೇಕೆಂದು ಹೇಳುತ್ತದೆ. ಆ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್ ಪರೀಕ್ಷೆಗಳಿವೆ. ನಿಮ್ಮ ಪಂಚಾಯಿತಿಯಲ್ಲಿ ಅದು ಬಳಕೆಯಲ್ಲಿದೆಯೇ, ಕಪಾಟಿನಲ್ಲಿದೆಯೇ ವಿಚಾರಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ನೀರನ್ನು ಲ್ಯಾಬಿಗೆ ಕೊಡಿ. ವರದಿ ಬಂದಾಗ ಟಿಡಿಎಸ್ ಸಾಲನ್ನು ಕೊನೆಗೆ ಓದಿ. ಮೊದಲು ಇ-ಕೋಲಿ, ಫ್ಲೋರೈಡ್, ನೈಟ್ರೇಟ್ ನೋಡಿ.